ಅರ್ಜಿಯ ಕೊನೆಯ ಸಾಲು

ಮೇಡಂ ನನ್ನ ಕೈಗೆ ಕೊಟ್ಟ ಅರ್ಜಿ ನಮೂನೆಗಳು ಎರಡು. ಒಂದನ್ನು ಊರಿನವರಿಗೆ ತೋರಿಸುತ್ತ ತಿರುಗಿದೆ. ಇನ್ನೊಂದನ್ನು ಮನೆಗೆ ಬಂದವಳೇ ಅಡುಗೆಮನೆಯ ಗೂಡಿನಲ್ಲಿ, ಡಬ್ಬಗಳ ಅಡಿಗೆ ಹಾಸಿದ್ದ ಹಳೇ ಪೇಪರಿನ ಕೆಳಗೆ ಸರಿಸಿಬಿಟ್ಟೆ. ಇಲ್ಲಿ ನಾನು ಹೇಳಬೇಕಾದದ್ದು ಆ ಎರಡನೆಯದರ ವಿಷಯ.

ನಾನು ಓದಿದ್ದು ಏಳನೇ ತರಗತಿ. ಒಂದು ಸಂಸ್ಥೆಯವರು ಹೊನ್ನಾವರದಲ್ಲಿ ನಡೆಸುವ ಶಿಶುವಿಹಾರದಲ್ಲಿ ಸಹಾಯಕಿ. ಚಾಪೆ ಹಾಸುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು, ಅಳುವ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅಂಗಳದಲ್ಲಿ ತಿರುಗುವುದು ನನ್ನ ಕೆಲಸ. ಕಲಿಸುವವರು ಬೇರೆ, ಅವರನ್ನು ಮಕ್ಕಳೂ ನಾನೂ ಅಕ್ಕೋರು ಅನ್ನುತ್ತೇವೆ. ನನ್ನ ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಹಿರೇಗುತ್ತಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಕೇರಿಯಲ್ಲಿ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಕುಮಟಾದಲ್ಲಿ ಬಸ್ಸು ಬದಲಿಸಿ ಹೊನ್ನಾವರ ಮುಟ್ಟಬೇಕು. ಎಂಟು ವರ್ಷ ಹಾಗೆ ಹೋಗಿ ಬಂದಿದ್ದೆ.

ಆ ವರ್ಷದ ಫೆಬ್ರವರಿಯಲ್ಲಿ ಸಂಸ್ಥೆಯವರು ನಮ್ಮ ಕೇರಿಯಲ್ಲೇ ಒಂದು ಶಿಶುವಿಹಾರ ತೆರೆಯುವ ಮಾತು ತೆಗೆದರು. ಸಹಾಯಕಿಯಾಗಿ ನನ್ನನ್ನು ಅಲ್ಲಿಗೇ ಹಾಕುವುದೆಂದೂ ಹೇಳಿದರು. ಬಸ್ಸಿನ ಕಾಟ ತಪ್ಪುತ್ತದೆಂಬ ಸಂತೋಷಕ್ಕೆ ಅಂದು ನಾನು ಮಕ್ಕಳಿಗೆಲ್ಲ ಒಂದೊಂದು ಬಾಳೆಹಣ್ಣು ತಂದು ಹಂಚಿದ್ದೆ. ಆದರೆ ಮೇಲ್ವಿಚಾರಕಿ ಮೇಡಂ ಕರೆದು ಷರತ್ತು ಹೇಳಿದರು. ಕಲಿಸಲು ಪಿಯುಸಿ ಪಾಸಾದ ಒಬ್ಬಳು ಬೇಕು. ವಾರಕ್ಕೆ ಒಂದೊಂದು ಹೊತ್ತು ಬಂದು ಮಕ್ಕಳ ಜೊತೆ ಕೂರುವ ಐದು ಹೆಂಗಸರು ಬೇಕು, ಅವರಿಗೆ ಸಂಬಳವಿಲ್ಲ. ಎಲ್ಲರೂ ಆ ಊರಿನವರೋ ಹತ್ತಿರದವರೋ ಆಗಿರಬೇಕು. ಮೇ ಕೊನೆಯೊಳಗೆ ಸಿಕ್ಕರೆ ಜೂನಿನಲ್ಲಿ ಶಾಲೆ, ಇಲ್ಲದಿದ್ದರೆ ಬೇರೆ ಊರಿಗೆ.

"ಹುಡುಕೋದು ನಿನ್ನ ಕೆಲಸ," ಅಂದರು ಮೇಡಂ. "ನಿಂಗೆ ಮನೆಮನೆ ಗೊತ್ತು. ಅರ್ಜಿಯ ಕೊನೇ ಸಾಲಲ್ಲಿ ಗುರುತಿಸಿದ ಕಾರ್ಯಕರ್ತೆ ಅಂತ ನಿನ್ನ ಸಹಿ ಇರಬೇಕು. ಅದಿಲ್ಲದೆ ನಾವು ತಗೊಳ್ಳೋದಿಲ್ಲ." ಆಮೇಲೆ ಎರಡು ನಮೂನೆ ಕೊಟ್ಟು, "ನಿನ್ನ ತಂಗಿ ಪಿಯುಸಿ ಅಲ್ವ? ಮೊದ್ಲು ಅವಳನ್ನ ಕೇಳು," ಅಂದರು.

ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆ ಕೂಡಿಬಂದಿರಲಿಲ್ಲ. ನನ್ನ ಗಂಡ ಬೋಟಿನ ಮೇಲೆ ಕೆಲಸಕ್ಕೆ ಹೋದರೆ ಮಳೆಗಾಲಕ್ಕೇ ಮನೆಗೆ ಬರುವವರು. ನಮ್ಮ ತಾಯಿ, ಅವ್ವಿಗೆ, ಮೊಣಕಾಲು ಬಾತು ಎದ್ದು ನಡೆಯುವುದೇ ಕಷ್ಟ. ಎರಡನೇ ತರಗತಿಗೆ ಹೋಗುವ ಮಗ, ಮೂರು ವರ್ಷದ ಮಗಳು. ಇವರೆಲ್ಲರ ಊಟ, ಸ್ನಾನ, ಔಷಧಿ, ಬಟ್ಟೆ ಎಲ್ಲ ತಂಗಿಯದೇ. ನಾನು ಸಂಜೆ ಮನೆಗೆ ಬಂದರೆ ಕೈಕಾಲು ತೊಳೆದು ಕೂತರೆ ಆಯಿತು, ಚಾ ಬರುತ್ತಿತ್ತು.

ಮೊದಲ ವಾರ ಚೀಟಿ ಅಂಟಿಸಿದೆ. ಸಂಸ್ಥೆಯವರು ಅಚ್ಚು ಹಾಕಿಸಿದ ಹಳದಿ ಕಾಗದ. 'ಶಿಕ್ಷಕಿ ಬೇಕಾಗಿದ್ದಾರೆ, ವಿದ್ಯಾರ್ಹತೆ ಪಿಯುಸಿ, ಸ್ವಯಂಸೇವಕಿಯರಿಗೆ ಸ್ವಾಗತ' ಎಂದಿತ್ತು. ಪಂಚಾಯತಿಯ ಬಾಗಿಲಿಗೆ, ರೇಶನ್ ಅಂಗಡಿಯ ಗೋಡೆಗೆ, ಬಸ್ಸು ನಿಲ್ಲುವಲ್ಲಿ, ಹಾಲಿನ ಡೈರಿಗೆ, ನಾಲ್ಕು ಕಡೆ ಮೈದಾ ಗೋಂದು ಹಚ್ಚಿ ಅಂಟಿಸಿದೆ.

ಆ ಭಾನುವಾರ ತಂಗಿ ಜಗಲಿಯಲ್ಲಿ ನನ್ನ ಮಗಳ ತಲೆ ಬಾಚುತ್ತಿದ್ದಳು. ಬಾಚುತ್ತಲೇ ಕೇಳಿದಳು.

"ಅಕ್ಕ, ನಮ್ಮೂರಿಗೆ ಶಾಲೆ ಬತ್ತದೆ ಅಂಬ್ರಲ್ಲ. ಅಕ್ಕೋರಾಗೂಕೆ ಎಷ್ಟು ಓದಿರ್ಬೇಕು?"

"ಟೀಚರ್ ಟ್ರೈನಿಂಗ್ ಆಗಿರ್ಬೇಕು ಅಂದ್ರು," ಅಂದೆ. ಮುಂಚೆ ಯೋಚಿಸಿಟ್ಟ ಸುಳ್ಳಲ್ಲ ಅದು. ಆದರೆ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಪಿಯುಸಿ ಆದ್ರೆ ಆಗೂದಿಲ್ಯಾ?"

"ಆಗೂದಿಲ್ಲ ಅಂಬ್ರು."

ಅವಳು ರಿಬ್ಬನ್ ಕಟ್ಟಿ ಮುಗಿಸಿ, ಮಗುವಿನ ಬೆನ್ನು ತಟ್ಟಿ ಕಳಿಸಿದಳು. "ಆತು," ಅಂದಳು. ಅವಳು ಮನೆ ಬಿಟ್ಟು ಹೋಗುವುದೇ ಕಡಿಮೆ, ಗೋಡೆಯ ಚೀಟಿ ಅವಳ ಕಣ್ಣಿಗೆ ಬೀಳುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ.

ಚೀಟಿ ನೋಡಿ ಬಂದದ್ದು ಒಬ್ಬಳೇ ಹುಡುಗಿ, ಕುಮಟಾ ಪೇಟೆಯವಳು. ಪಿಯುಸಿ ಆಗಿತ್ತು, ಮಾತೂ ಚೆನ್ನಾಗಿತ್ತು. ಕೇರಿ ನೋಡಿಕೊಂಡು ಬರಲಿ ಎಂದು ಮೇಡಂ ಎರಡು ದಿನಕ್ಕೆ ನನ್ನ ಜೊತೆ ಕಳಿಸಿದರು. ಹೈವೇಯಲ್ಲಿ ಬಸ್ಸು ಇಳಿದು ಎರಡು ಕಿಲೋಮೀಟರು ನಡೆಯುವಾಗಲೇ ಅವಳ ಚಪ್ಪಲಿ ಕಿತ್ತಿತು. ನಮ್ಮ ಕೇರಿಯಲ್ಲಿ ಹೊಳೆಯಿಂದ ತೆಗೆದ ಚಿಪ್ಪುಮೀನನ್ನು, ನಾವು ಬಳಚು ಅನ್ನುವುದನ್ನು, ಬೇಯಿಸಿ ಬಿಡಿಸಿದ ಚಿಪ್ಪು ಮನೆಮನೆಯ ಪಕ್ಕ ರಾಶಿ ಬಿದ್ದಿರುತ್ತದೆ. ಅದರ ವಾಸನೆ ನಮಗೆ ಗೊತ್ತೇ ಆಗುವುದಿಲ್ಲ. ಅವಳು ಮೂಗಿಗೆ ಹಿಡಿದ ಕರವಸ್ತ್ರ ಎರಡು ದಿನವೂ ಕೆಳಗಿಳಿಯಲಿಲ್ಲ. ಮೂರನೇ ದಿನ ಮೇಡಂಗೆ ಫೋನು ಮಾಡಿ, ಮದುವೆ ಗೊತ್ತಾಗುವ ಹಾಗಿದೆ ಎಂದಳಂತೆ.

ಅಷ್ಟರಲ್ಲಿ ಮಾರ್ಚ್ ಬಂತು. ಊರಿನ ಹೆಂಗಸರನ್ನೆಲ್ಲ ಒಂದು ಕಡೆ ಸೇರಿಸು, ನಾನೇ ಬಂದು ಮಾತಾಡುತ್ತೇನೆ ಎಂದರು ಮೇಡಂ. ಕ್ಯಾಲೆಂಡರ್ ನೋಡಿ ಒಂದು ಶನಿವಾರ ಬೆಳಿಗ್ಗೆ ಒಂಬತ್ತೂವರೆ ಎಂದು ಗೊತ್ತು ಮಾಡಿದೆ. ಮನೆಮನೆಗೆ ಹೋಗಿ ಹೇಳಿಯೂ ಬಂದೆ. ಎಲ್ಲರೂ "ನೋಡ್ವ" ಅಂದರು. ನಮ್ಮಲ್ಲಿ 'ನೋಡ್ವ' ಅಂದರೆ ಏನರ್ಥ ಎಂದು ನನಗೆ ಗೊತ್ತಿರಬೇಕಿತ್ತು.

ಆ ದಿನ ಕನ್ನಡ ಶಾಲೆಯ ಜಗಲಿಯಲ್ಲಿ ಹಾಸಿದ ನಾಲ್ಕು ಚಾಪೆಯ ಮೇಲೆ ಮೂವರು ಮುದುಕಿಯರು ಕೂತಿದ್ದರು. ಅವರಲ್ಲಿ ಹಿರಿಯಳು, ನಮ್ಮ ಪಕ್ಕದ ಮನೆಯ ದೊಡ್ಡವ್ವಿ, ಮೇಡಂ ಮುಖ ನೋಡಿ, "ನಮ್ಮನ್ನ ಶಾಲೆ ಒಂದನೇತ್ತಿಗೆ ಸೇರಿಸ್ಕಳೂಕೆ ಕರ್ದದ್ದಾ?" ಎಂದು ಕೇಳಿದಳು. ಮೇಡಂ ನಕ್ಕರು. ಅರ್ಧ ಗಂಟೆ ಕಾದರು. ಆಮೇಲೆ ಎದ್ದು ಜಗಲಿಯ ಕೊನೆಗೆ ಹೋಗಿ ಹೊಳೆಯ ಕಡೆ ನೋಡಿದರು. ನೀರು ಇಳಿದಿತ್ತು. ಕೆಸರು ದಿಬ್ಬದ ಅಂಚಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ಸಾಲಾಗಿ ಹೆಂಗಸರು ಬಗ್ಗಿ ಬಳಚು ತೆಗೆಯುತ್ತಿದ್ದರು.

"ಅವರೆಲ್ಲ ಯಾರು?"

"ನಮ್ಮ ಕೇರಿಯವ್ರು."

"ಅವರನ್ನೇ ಕರೆದದ್ದಲ್ವ ನೀನು?"

ಅಮಾವಾಸ್ಯೆ ಕಳೆದು ನಾಲ್ಕನೇ ದಿನ ಅದು. ಒಂಬತ್ತು ಗಂಟೆಗೆಲ್ಲ ಇಳಿತ ಎಂದು ನಮ್ಮ ಕೇರಿಯ ಐದು ವರ್ಷದ ಮಗುವೂ ಹೇಳುತ್ತದೆ. ಇಳಿತದ ಹೊತ್ತು ಬಿಟ್ಟರೆ ಆ ದಿನದ ದುಡಿಮೆ ಹೋಯಿತು. ನನ್ನ ಅವ್ವಿ ಇಪ್ಪತ್ತೈದು ವರ್ಷ ಬಳಚು ತೆಗೆದವಳು. ನಾನು ಎಂಟು ವರ್ಷ ಬಸ್ಸಿನ ಹೊತ್ತು ನೋಡಿ ನೋಡಿ ನೀರಿನ ಹೊತ್ತು ಮರೆತಿದ್ದೆ.

"ಹೊಳೆ ಬದಿಗೆ ಹುಟ್ಟಿ ಇಳಿತ ಮರ್ತಿಯಲ್ಲೇ," ಅಂದಳು ದೊಡ್ಡವ್ವಿ. "ನಿನ್ನ ತಂಗಿನ್ನಾರೂ ಕೇಳೂಕಾಗ್ತಿತ್ತು. ಯಾವ ದಿನ ಎಷ್ಟ್ ಹೊತ್ತಿಗೆ ಮಕ್ಳನ್ನ ಬಿಟ್ಟು ಹೋತ್ರು ಅಂತ ಅವ್ಳಿಗೆ ಬಾಯಿಪಾಠ."

ಮೇಡಂ ನನ್ನ ಕಡೆ ತಿರುಗಿದರು. "ತಂಗಿನ್ನ ಕೇಳಿದ್ಯಾ? ಅರ್ಜಿ ಕೊಟ್ಟಿದ್ದೆನಲ್ಲ?"

"ಕೇಳ್ದೆ ಮೇಡಂ. ಅವ್ಳಿಗೆ ಮನಸ್ಸಿಲ್ಲ."

ದೊಡ್ಡವ್ವಿ ಎಲೆ ಅಡಿಕೆ ಚೀಲ ಬಿಚ್ಚುತ್ತಿದ್ದವಳು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಬಗ್ಗಿದಳು.

ದೊಡ್ಡವ್ವಿ ಹೇಳಿದ್ದು ನಿಜ. ಇಳಿತಕ್ಕೆ ಹೋಗುವ ಹೆಂಗಸರು ತಮ್ಮ ಸಣ್ಣ ಮಕ್ಕಳನ್ನು ನಮ್ಮ ಜಗಲಿಯಲ್ಲಿ ತಂಗಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಮೊದಲು ಒಂದು ಮಗು, ಆಮೇಲೆ ಮೂರು, ಆಮೇಲೆ ಏಳು. ನಾನು ಮನೆಯಲ್ಲಿ ಇರುವ ಹೊತ್ತಲ್ಲ ಅದು. ಒಂದು ರಜೆಯ ದಿನ ಮಾತ್ರ ಕಣ್ಣಾರೆ ನೋಡಿದ್ದೆ. ತೊಳೆದ ಚಿಪ್ಪುಗಳನ್ನು ನೆಲದ ಮೇಲೆ ಹರಡಿ ದೊಡ್ಡದು, ಅದಕ್ಕಿಂತ ಸಣ್ಣದು, ಎಲ್ಲಕ್ಕಿಂತ ಸಣ್ಣದು ಎಂದು ಸಾಲು ಮಾಡಿಸುತ್ತಿದ್ದಳು. ಒಬ್ಬ ಹುಡುಗ ಚಿಪ್ಪು ಬಾಯಿಗೆ ಹಾಕಿದರೆ ಗದರಿಸದೆ, "ಅದು ನಿನ್ನ ಹಲ್ಲಿಗಿಂತ ದೊಡ್ಡದಾ, ಸಣ್ಣದಾ?" ಎಂದು ಕೇಳುತ್ತಿದ್ದಳು. ಹುಡುಗ ಚಿಪ್ಪು ತೆಗೆದು ನೋಡಿ ಸಾಲಿನಲ್ಲಿ ಇಟ್ಟ. ಹೊನ್ನಾವರದಲ್ಲಿ ಎಂಟು ವರ್ಷದಲ್ಲಿ ಮೂವರು ಅಕ್ಕೋರನ್ನು ನೋಡಿದವಳು ನಾನು. ಇವಳು ಅವರೆಲ್ಲರಿಗಿಂತ ಮೇಲು ಎಂದು ಅಂದೇ ನನಗೆ ತಿಳಿದಿತ್ತು. ತಿಳಿದೇ ಅರ್ಜಿಯನ್ನು ಪೇಪರಿನ ಕೆಳಗೆ ಇಟ್ಟಿದ್ದು.

ಏಪ್ರಿಲ್‌ನಲ್ಲಿ ಭಟ್ಕಳದಲ್ಲಿ ಮೂರು ದಿನದ ತರಬೇತಿ ಇತ್ತು. ಅಲ್ಲಿಯೂ ಸಂಸ್ಥೆಯದೊಂದು ಕೇಂದ್ರವಿದೆ. ಅಲ್ಲಿನ ಅಕ್ಕೋರು ಮನೆಯಲ್ಲಿ ನವಾಯತಿ, ಅಂದರೆ ಅಲ್ಲಿನ ಮುಸ್ಲಿಮರ ಭಾಷೆ, ಆಡುವವರು, ನನಗಿಂತ ಹಿರಿಯರು. ಅವರಿಗೆ ಒಂದೇ ವಾರದಲ್ಲಿ ಐದಲ್ಲ, ಎಂಟು ಹೆಂಗಸರು ಸಿಕ್ಕಿದ್ದರು. ಎರಡನೇ ದಿನ ಊಟದ ಹೊತ್ತಿಗೆ ಅವರ ಪಕ್ಕ ಕೂತು, ಹೇಗೆ ಹುಡುಕಿದಿರಿ ಎಂದು ಕೇಳಿದೆ.

"ಕಾಗದ ಅಂಟಿಸ್ಲೇ ಇಲ್ಲ ನಾನು," ಅಂದರು. "ಮೊದ್ಲು ಅತ್ತೆ ಹತ್ರ ಹೋಗೋದು, ಆಮೇಲೆ ಸೊಸೆ. ಅತ್ತೆ ಒಪ್ಪಿದ್ರೆ ಸೊಸೆ ತಾನಾಗೇ ಬರ್ತಾಳೆ. ಸೊಸೆ ಮಾತ್ರ ಒಪ್ಪಿದ್ರೆ ಎರಡನೇ ವಾರ ಬರೋದಿಲ್ಲ."

"ಸೊಸೆ ಹತ್ರ ಎಂತ ಹೇಳೂದು?"

"ಶಾಲೆಗೆ ಬಾ ಅನ್ಬಾರ್ದು. ಹೆದ್ರಿಕೊಳ್ತಾಳೆ, ಓದು ಬರೋದಿಲ್ಲ ಅಂತಾಳೆ. ಅವಳಿಗೆ ಏನು ಬರ್ತದೆ ನೋಡಿ ಅದನ್ನೇ ಕೇಳ್ಬೇಕು. ಒಬ್ಬಳು ಕಥೆ ಹೇಳ್ತಾಳೆ, ಒಬ್ಬಳು ಬಟ್ಟೆಯ ಗೊಂಬೆ ಹೊಲೀತಾಳೆ. ಮೊದಲ್ನೇ ದಿನ ಸುಮ್ನೆ ಕೂತು ನೋಡು ಅನ್ನೋದು. ಅವಳನ್ನ ಮಕ್ಕಳ ಮಧ್ಯೆ ಒಂಟಿಯಾಗಿ ಬಿಡ್ಬಾರ್ದು. ಸಂಜೆ ಅವಳ ಮನೆಗೆ ಹೋಗಿ ಅತ್ತೆ ಎದುರಿಗೇ ಹೊಗಳ್ಬೇಕು."

ನಾನು ಒಂದೊಂದನ್ನೂ ಬರೆದುಕೊಂಡೆ. ಅವರು ನನ್ನ ನಿಧಾನದ ಬರವಣಿಗೆಯನ್ನು ಕಾಯುತ್ತ ಕೇಳಿದರು.

"ನೀವು ಮೂರು ದಿನ ಇಲ್ಲಿ ಇದ್ದೀರಿ. ಮನೆ ಯಾರು ನೋಡ್ತಾರೆ?"

"ತಂಗಿ."

"ಅವಳನ್ನ ಯಾರು ಕೇಳಿದ್ರು?"

ಅವರು ಚುಚ್ಚಲು ಕೇಳಿದ್ದಲ್ಲ. ಎಲ್ಲ ಮನೆಯಲ್ಲೂ ಅವರು ಕೇಳುವ ಪ್ರಶ್ನೆಯೇ ಇರಬೇಕು. ನಾನು ಮಾತ್ರ ಬರೆಯುವುದನ್ನು ನಿಲ್ಲಿಸಿದೆ. ಎಂಟು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ನಾನು ಕೆಲಸಕ್ಕೆ ಹೊರಟ ಮೊದಲ ದಿನ ಮಗನನ್ನು ಅವಳ ಮಡಿಲಿಗೆ ಹಾಕಿ ಬಸ್ಸಿಗೆ ಓಡಿದ್ದೆ, ಅಷ್ಟೇ. ಆಗ ಅವಳ ಪಿಯುಸಿ ಫಲಿತಾಂಶ ಬಂದು ಒಂದು ತಿಂಗಳಾಗಿತ್ತು.

ಊರಿಗೆ ಬಂದ ಮೇಲೆ ಭಟ್ಕಳದವರ ದಾರಿಯನ್ನೇ ಹಿಡಿದೆ. ಹುಣ್ಣಿಮೆಯ ದಿನ ರಜೆ ಹಾಕಿದೆ. ಅಂದು ಬೆಳಗಿನ ಜಾವವೇ ಇಳಿತ, ಹತ್ತು ಹನ್ನೊಂದರ ಹೊತ್ತಿಗೆ ಹೊಳೆ ತುಂಬಿ ಭರತ. ಆಗ ಹೆಂಗಸರೆಲ್ಲ ದೊಡ್ಡವ್ವಿಯ ಮನೆಯ ಹಿಂದೆ ಗೇರುಮರದ ನೆರಳಲ್ಲಿ ಕೂತು ಬೇಯಿಸಿದ ಬಳಚು ಬಿಡಿಸುತ್ತಾರೆ. ನಾನೂ ಒಂದು ಬುಟ್ಟಿ ಎಳೆದುಕೊಂಡು ಕೂತೆ.

"ಬಿಡ್ಸೂಕೆ ಬಂದ್ಯಾ, ನಮ್ಮನ್ನ ಹಿಡೂಕೆ ಬಂದ್ಯಾ?" ಒಬ್ಬಳು ಕೇಳಿದಳು.

"ಎರಡಕ್ಕೂ," ಅಂದೆ.

"ಪಗಾರ ಎಷ್ಟು?"

"ಪಗಾರ ಇಲ್ಲ. ವಾರಕ್ಕೆ ಒಂದು ಹೊತ್ತು. ಭರತದ ಹೊತ್ತು ನೋಡೇ ಕರೀತೆ."

"ಪಗಾರಿಲ್ದೆ ಮಕ್ಳ ಮೂಗು ಒರ್ಸೂದು ಮನೇಲೇ ಅದೆಯಲ್ಲೇ. ಅದಕ್ಕೆ ಶಾಲೆಗೆ ಬರೂದೆಂತಕ್ಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲು ದೊಡ್ಡವ್ವಿಯನ್ನೇ ಹಿಡಿದೆ. ಅವಳ ಸೊಸೆ ತೆಂಗಿನ ಗರಿಯಲ್ಲಿ ಹಾವು, ಗಿಳಿ, ಗಿರಿಗಿಟ್ಲೆ ಎಲ್ಲ ಹೆಣೆಯುತ್ತಾಳೆ. "ನಿನ್ನ ಸೊಸೆ ಕೈ ಹಂಗೆ ಯಾರದ್ದೂ ಇಲ್ಲ, ಮಕ್ಳಿಗೆ ಒಂದು ದಿನ ತೋರ್ಸಲಿ" ಅಂದೆ. ದೊಡ್ಡವ್ವಿ ಬಳಚಿನ ಮೇಲಿಂದ ಕಣ್ಣು ತೆಗೆಯದೆ, "ಹೋಗ್ಲಿ, ಮನೇಲಿದ್ರೆ ನನ್ನ ಹತ್ರ ಜಗಳ ಆಡ್ತದೆ," ಅಂದಳು. ಸೊಸೆ ತಲೆ ಬಗ್ಗಿಸಿ ನಕ್ಕಳು. ಹಾಡು ಬರುವವಳೊಬ್ಬಳು, ಕಥೆ ಹೇಳುವವಳೊಬ್ಬಳು ಹೀಗೆ ಗಂಟೆಯೊಳಗೆ ಐದು ಜನ ಆದರು. ಮೂರು ತಿಂಗಳಲ್ಲಿ ಕಾಗದದಿಂದ ಆಗದ್ದು ಒಂದು ಬುಟ್ಟಿ ಬಳಚಿನಲ್ಲಿ ಆಯಿತು.

ಆಗ ಹಾಡುವವಳು ಕೇಳಿದಳು. "ಅದಿರ್ಲಿ, ಅಕ್ಕೋರು ಯಾರು?"

"ಹುಡುಕ್ತಾ ಇದ್ರು."

"ಹುಡುಕೂದೆಂತಕ್ಕೆ? ನಿನ್ನ ತಂಗಿ ಇಲ್ಯಾ? ನಮ್ಮ ಮಕ್ಳಿಗೆ ಅವ್ಳು ಆಗ್ಲೇ ಅಕ್ಕೋರು."

"ಅವ್ಳಿಗೆ ಮನಸ್ಸಿಲ್ಲ," ಅಂದೆ. ಮೂರನೇ ಸಲ ಸುಳ್ಳು.

"ಅವ್ಳೇ ಹೇಳಿದ್ಳಾ?" ದೊಡ್ಡವ್ವಿಯ ಪ್ರಶ್ನೆ.

"ಹೌದು."

ಹಾಡುವವಳು ಕೈಯಲ್ಲಿದ್ದ ಚಿಪ್ಪನ್ನು ರಾಶಿಗೆ ಎಸೆದು ಹೇಳಿದಳು. "ಹಂಗಾರೆ ನಾ ಬರೂದಿಲ್ಲ. ಪೇಟೆಯವ್ರು ಬಂದು ಮೂಗು ಮುಚ್ಕಂಡು ಎರಡು ದಿನಕ್ಕೆ ಓಡೂದಾದ್ರೆ ನಮ್ಮ ಮಕ್ಳು ನಿನ್ನ ತಂಗಿ ಜಗಲಿ ಮೇಲೇ ಚಂದ." ಇನ್ನಿಬ್ಬರು ಅವಳ ಜೊತೆ ಸೇರಿದರು. ಏಳುವ ಹೊತ್ತಿಗೆ ನನ್ನ ಬಳಿ ಉಳಿದದ್ದು ಎರಡು ಹೆಸರು.

ಮನೆಗೆ ಬಂದರೆ ತಂಗಿ ಅವ್ವಿಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. "ಎಷ್ಟು ಜನ ಆದ್ರು ಅಕ್ಕ?" ಎಂದು ಕೇಳುತ್ತಾಳೆಂದು ಕಾದೆ. ಅವಳು ಕೇಳಲಿಲ್ಲ.

ಮೇ ಕೊನೆಯ ವಾರ ಮೇಡಂ ನನ್ನನ್ನು ಹೊನ್ನಾವರದ ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. "ಇದಕ್ಕೊಂದು ಸಹಿ ಹಾಕು," ಅಂದರು. "ಕೇಂದ್ರ ಬೇರೆ ಊರಿಗೆ ಹೋಗ್ತದೆ. ನಿನ್ನ ತಪ್ಪಲ್ಲ, ನೀನು ಸಾಕಷ್ಟು ಓಡಾಡಿದ್ದೀಯ."

ನನಗೆ ಓದು ನಿಧಾನ. ಒಂದೊಂದೇ ಪದ ಹಿಡಿದು ಓದಬೇಕು. 'ಸದರಿ ಗ್ರಾಮದಲ್ಲಿ ಎಲ್ಲ ಪ್ರಯತ್ನ ಮಾಡಿದಾಗ್ಯೂ ಅರ್ಹ ಶಿಕ್ಷಕಿ ದೊರೆತಿರುವುದಿಲ್ಲ' ಎಂದಿತ್ತು. ಕೆಳಗೆ 'ಸ್ಥಳೀಯ ಕಾರ್ಯಕರ್ತೆ' ಎಂದು ನನ್ನ ಸಹಿಗೆ ಜಾಗ. ನಾನು ಬಾಯಲ್ಲಿ ಮೂರು ಸಲ ಸುಳ್ಳು ಹೇಳಿದ್ದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಇದು ಫೈಲಿನಲ್ಲಿ ಕೂರುತ್ತದೆ. 'ದೊರೆತಿರುವುದಿಲ್ಲ' ಅನ್ನುವ ಪದದ ಮೇಲೆ ಬೆರಳಿಟ್ಟು ಕೂತಿದ್ದೆ. ಏಳು ಮಕ್ಕಳು ಚಿಪ್ಪು ಜೋಡಿಸಿಟ್ಟ ಸಾಲು ಕಣ್ಣ ಮುಂದೆ ಬಂತು. ಪೆನ್ನು ಕೆಳಗಿಟ್ಟೆ.

"ಸಿಕ್ಕಿದಾಳೆ ಮೇಡಂ. ನನ್ನ ತಂಗಿ."

"ಮನಸ್ಸಿಲ್ಲ ಅಂದಿದ್ಯಲ್ಲ?"

"ನಾ ಕೇಳ್ಲೇ ಇಲ್ಲ. ಅವ್ಳು ಕೇಳಿದ್ದಕ್ಕೆ ಟ್ರೈನಿಂಗ್ ಆಗಿರ್ಬೇಕು ಅಂದೆ. ಅವ್ಳು ಹೊರಗೆ ಹೋದ್ರೆ ನಮ್ಮನೆ ನಡೆಯೂದಿಲ್ಲ ಅಂತ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಮನೆ ಬಾಗಿಲ ತನಕ ನಾಲ್ಕು ಸಲ ಬಂದಿದ್ದೇನೆ ನಾನು. ಅವಳ ಕೈಯಿಂದ ಚಾ ಕುಡಿದು ಹೋಗಿದ್ದೇನೆ," ಅಂದರು. ಬೈದದ್ದು ಅಷ್ಟೇ. ಆಮೇಲೆ ಕೆಲಸದ ಮಾತಿಗೆ ಬಂದರು. "ಒಂದು ವಿಷ್ಯ ತಿಳ್ಕೋ. ಒಂದೇ ಮನೆಯ ಇಬ್ಬರನ್ನ ಒಂದೇ ಕೇಂದ್ರದಲ್ಲಿ ಹಾಕಬಾರ್ದು ಅಂತ ಹೋದ ತಿಂಗಳು ಸಂಸ್ಥೆಯವರು ಹೊಸ ನಿಯಮ ಮಾಡಿದ್ದಾರೆ. ಅವಳು ಅಲ್ಲಿಗೆ ಬಂದ್ರೆ ನೀನು ಇಲ್ಲೇ. ಅದೇ ಆರೂವರೆ ಬಸ್ಸು. ಮನೆಯಲ್ಲೂ ಅವಳು ಇರೋದಿಲ್ಲ."

ಹಾಳೆಯನ್ನು ಅವರ ಕಡೆ ಸರಿಸಿ, "ಆತು ಮೇಡಂ," ಅಂದೆ.

"ನೀನು ಆತು ಅಂದ್ರೆ ಆಗೋದಿಲ್ಲ. ಅವಳನ್ನ ಕೇಳಿ ಬಾ. ಈ ಸಲ ನಿಜವಾಗಿ ಕೇಳು. ನಾಳೆ ಸಂಜೆಯೊಳಗೆ ಅರ್ಜಿ ಇಲ್ಲಿರಬೇಕು."

ಮಧ್ಯಾಹ್ನದ ಬಸ್ಸಿಗೇ ಊರಿಗೆ ಬಂದೆ. ಜಗಲಿಯಲ್ಲಿ ಮಕ್ಕಳು ಮಲಗಿದ್ದವು. ತಂಗಿ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಳು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಅವಳ ಎದುರಿಗೆ ನೆಲದ ಮೇಲೆ ಕೂತೆ.

"ನಾ ಸುಳ್ಳು ಹೇಳಿದ್ದೆ. ಪಿಯುಸಿ ಸಾಕು. ನಿಂಗೆ ಬರೂಕೆ ಮನಸ್ಸದೆಯಾ?"

ಅವಳು ಮೊರವನ್ನು ಪಕ್ಕಕ್ಕಿಟ್ಟು ಒಮ್ಮೆ ನನ್ನ ಮುಖ ನೋಡಿದಳು. "ಗೊತ್ತದೆ," ಅಂದಳು. "ರೇಶನ್ ಅಂಗಡಿ ಗೋಡೆ ಮೇಲೆ ಓದಿದ್ದೆ."

"ಯಾವಾಗ?"

"ನಿನ್ನ ಹೆಬ್ಬೆಟ್ಟು ಮಿಷನ್ನಿಗೆ ತಾಗೂದಿಲ್ಲ ಅಂತ ಆ ಶುಕ್ರವಾರ ನನ್ನ ಕಳ್ಸಿದ್ಯಲ್ಲ, ಆವಾಗ. ಭಾನುವಾರ ನಿನ್ನ ಕೇಳಿದ್ದು ಅದರ ಮೇಲೆ."

ಹಾಗಾದರೆ ಅವಳು ತಿಳಿಯದೆ ಕೇಳಿದ್ದಲ್ಲ. ನಾನು ಏನು ಹೇಳುತ್ತೇನೆಂದು ನೋಡಲು ಕೇಳಿದ್ದು. ಮೂರು ತಿಂಗಳು ನನ್ನ ಸುಳ್ಳನ್ನು ಎದುರಿಗಿಟ್ಟುಕೊಂಡೇ ನನಗೆ ಚಾ ಕೊಟ್ಟಿದ್ದಳು.

"ಬಳಚು ಬಿಡ್ಸುವಲ್ಲಿ ನನ್ನ ಹೆಸರಲ್ಲಿ ಹೇಳಿದ್ದೂ ಕೇಳ್ದೆ," ಅಂದಳು. ದನಿ ಏರಿರಲಿಲ್ಲ.

ನಾನು ಎದ್ದು ಅಡುಗೆಮನೆಗೆ ಹೋದೆ. ಡಬ್ಬಗಳನ್ನು ಕೆಳಗಿಳಿಸಿ ಹಾಸಿದ ಪೇಪರು ಎತ್ತಿದೆ. ಕೆಳಗೆ ಏನೂ ಇರಲಿಲ್ಲ.

"ಅಲ್ಲಿಲ್ಲ," ಎಂದಳು ಹಿಂದಿನಿಂದ. ಗೋಡೆಗೆ ತೂಗುಹಾಕಿದ ತನ್ನ ಹಳೇ ಕಾಲೇಜಿನ ಚೀಲದಿಂದ ಅರ್ಜಿ ತೆಗೆದು ಕೊಟ್ಟಳು. "ಗೂಡು ಒರ್ಸುವಾಗ ಸಿಕ್ತು."

ಅರ್ಜಿ ತುಂಬಿತ್ತು. ಹೆಸರು, ಊರು, ವಿದ್ಯಾರ್ಹತೆ, ಬರುವ ಭಾಷೆಗಳು ಎಲ್ಲ ಅವಳ ದುಂಡು ಅಕ್ಷರದಲ್ಲಿ. 'ಮಕ್ಕಳೊಂದಿಗೆ ಅನುಭವ' ಎಂಬಲ್ಲಿ 'ಎಂಟು ವರ್ಷ' ಎಂದು ಬರೆದಿದ್ದಳು. ದಿನಾಂಕ ಫೆಬ್ರವರಿಯದ್ದು. ಖಾಲಿ ಇದ್ದದ್ದು ಕೊನೆಯ ಸಾಲು ಮಾತ್ರ, 'ಗುರುತಿಸಿದ ಕಾರ್ಯಕರ್ತೆಯ ಸಹಿ'.

"ಇಷ್ಟು ದಿನ ಎಂತಕ್ಕೆ ಇಟ್ಕಂಡೆ? ಮೇಡಂ ಬಂದಾಗ ಕೊಡೂಕಾಗ್ತಿತ್ತು," ಅಂದೆ.

"ಸಹಿ ಇಲ್ದೆ ತಗಳೂದಿಲ್ಲ ಅಂತ ಅದ್ರಲ್ಲೇ ಬರ್ದದ್ಯಲ್ಲ. ನೀ ಹಾಕ್ತಿಯೇನೋ ಅಂತ ನೋಡ್ದೆ."

ಮೇಡಂಗೆ ನಾನು ಹೇಳಿದ ಕಾರಣ ಸುಳ್ಳಲ್ಲ. ಆದರೆ ಅದು ಪೂರ್ತಿಯೂ ಅಲ್ಲ. ಉಳಿದದ್ದನ್ನು ಆ ಸಹಿ ಹಾಕುವಾಗಲೂ ತಂಗಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಅವ್ವಿ ಬಳಚಿಗೆ ಹೋಗುವಾಗ ಇವಳನ್ನು ಎತ್ತಿಕೊಳ್ಳಲು ಜನ ಬೇಕೆಂದು ನನ್ನನ್ನು ಏಳನೇ ತರಗತಿಗೇ ಶಾಲೆ ಬಿಡಿಸಿದರು. ಇವಳು ಶಾಲೆಗೆ ಹೊರಟಾಗ ಇವಳ ಪಾಟಿ ಒರೆಸಿ ಕೊಟ್ಟವಳು ನಾನು. ಯಾರೋ ಪೇಟೆಯ ಹುಡುಗಿ ಬಂದರೆ ಅವಳಿಗೆ ಕುರ್ಚಿ ಒರೆಸಿ ಹಾಕಲು, ಅವಳು ಹೇಳಿದ ಹಾಗೆ ಚಾಪೆ ಹಾಸಲು ನನಗೆ ಏನೂ ಅನ್ನಿಸುತ್ತಿರಲಿಲ್ಲ. ತಂಗಿ ಹೇಳಿದ ಹಾಗೆ ಹಾಸುವುದು, ಊರಿನವರ ಎದುರು ಅವಳು ಕಲಿಸುವಾಗ ನಾನು ಮೂಗು ಒರೆಸುತ್ತ ನಿಲ್ಲುವುದು, ಇದನ್ನು ನೆನೆದರೇ ಮೈ ಉರಿಯುತ್ತಿತ್ತು. ಮನೆ ನಡೆಯುವುದಿಲ್ಲ ಅನ್ನುವುದು ಹೇಳಿಕೊಳ್ಳಬಹುದಾದ ಕಾರಣವಾಗಿತ್ತು, ಅದನ್ನೇ ನನಗೂ ಹೇಳಿಕೊಂಡಿದ್ದೆ. ಅವಳನ್ನು ಎತ್ತಿ ಬೆಳೆಸಿದ್ದಕ್ಕೆ ಎಂಟು ವರ್ಷ ಬದಲು ತೆಗೆದುಕೊಂಡೆನೋ ಏನೋ. ಯಾರೂ ಅವಳಿಗೆ ಅಂಥದೊಂದು ಸಾಲ ಇದೆ ಎಂದು ಹೇಳಿರಲೂ ಇಲ್ಲ.

ಸಹಿ ಹಾಕಿದೆ. ಏಳನೇ ತರಗತಿಯ ನನ್ನ ಅಕ್ಷರ ಅವಳ ಅಕ್ಷರದ ಕೆಳಗೆ ಡೊಂಕಾಗಿ ಕೂತಿತು.

ಜೂನಿನಲ್ಲಿ ಶಾಲೆ ಶುರುವಾಯಿತು. ಹಾಡುವವಳು ಮೊದಲ ವಾರವೇ ಬಂದಳು. ತಿಂಗಳೊಳಗೆ ಐವರೂ ಆದರು. ನನ್ನ ಮಗಳು ತಂಗಿಯ ಜೊತೆಗೇ ಹೋಗುತ್ತಾಳೆ. ಅವ್ವಿಯನ್ನು ಬೆಳಗಿನ ಹೊತ್ತು ದೊಡ್ಡವ್ವಿ ಬಂದು ನೋಡುತ್ತಾಳೆ, ಕೆಲವು ದಿನ ಬರುವುದಿಲ್ಲ. ಆ ದಿನ ಅವ್ವಿ ಮಧ್ಯಾಹ್ನದವರೆಗೆ ಗೋಡೆ ಹಿಡಿದು ಕೂತಿರುತ್ತಾಳೆ. ನಾನು ನಾಲ್ಕಕ್ಕೆ ಎದ್ದು ಅಡುಗೆ ಮುಗಿಸಿ ಆರೂವರೆ ಬಸ್ಸು ಹಿಡಿಯುತ್ತೇನೆ. ಸುಖವಾಯಿತು ಎಂದು ಹೇಳಲಾರೆ.

ಈಗ ಬೇರೆ ಊರಲ್ಲಿ ಹೆಂಗಸರನ್ನು ಹುಡುಕಬೇಕಾದಾಗ ಮೇಡಂ ನನ್ನನ್ನೂ ಕರೆದೊಯ್ಯುತ್ತಾರೆ. ಹೋದ ವರ್ಷ ಮಾವಳ್ಳಿಗೆ ಹೋಗಿದ್ದೆವು. ಅಲ್ಲಿ ಒಬ್ಬಳು ತುಂಬ ಉತ್ಸಾಹದಿಂದ 'ನಾ ಬತ್ತೆ, ನಾಳೆಯಿಂದ್ಲೇ ಬತ್ತೆ' ಅಂದಳು. ಮೇಡಂ ಪೆನ್ನು ತೆಗೆದರು. ನಾನು ತಡೆದು ಕೇಳಿದೆ: "ನೀ ಹೊರಟ್ರೆ ಮನೇಲಿ ಯಾರು?" ನಾದಿನಿ ಇದ್ದಾಳೆ ಎಂದಳು. "ಅವಳನ್ನ ಕರಿ," ಅಂದೆ. ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಮೊದಲು ಅವಳನ್ನು ಕೂರಿಸಿ ಮಾತಾಡಿಸಿದೆವು. ಈಗ ನಾನು ಯಾವ ಮನೆಯಲ್ಲೂ ಈ ಪ್ರಶ್ನೆ ಬಿಡುವುದಿಲ್ಲ.

ತಂಗಿಗೆ ನನ್ನ ಮೇಲೆ ಸಿಟ್ಟಿದೆ ಎಂದು ಹೇಳಲಾರೆ. ಸಂಬಳ ಬಂದ ದಿನ ಮಕ್ಕಳಿಗೆ ತಿಂಡಿ ತರುತ್ತಾಳೆ, ನನಗೂ ಒಂದು ಪಾಲು ಇಡುತ್ತಾಳೆ. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆದರೆ ಆ ಭಾನುವಾರದ ನಂತರ ಅವಳು ನನ್ನಿಂದ ಒಂದು ಮಾತನ್ನೂ ಕೇಳಿ ತಿಳಿದುಕೊಂಡಿಲ್ಲ. ತರಬೇತಿಗೆಂದು ಮೊದಲ ಸಲ ಭಟ್ಕಳಕ್ಕೆ ಹೊರಟ ದಿನ, ಎಂಟು ವರ್ಷ ಅದೇ ದಾರಿಯಲ್ಲಿ ಓಡಾಡಿದ ಅಕ್ಕ ಪಕ್ಕದಲ್ಲೇ ನಿಂತಿದ್ದರೂ, ಕುಮಟಾ ನಿಲ್ದಾಣದಲ್ಲಿ ಅವಳು ಗೋಡೆಯ ಹತ್ತಿರ ಹೋಗಿ, ಬಸ್ಸಿನ ಹೊತ್ತನ್ನು ತಾನೇ ಓದಿಕೊಂಡು ಬಂದಳು.